ತಾಗದ ಏಟು

ನಾನು ಓದಿದ್ದು ಮೂರನೇ ಇಯತ್ತೆ. ನಾಟಕದ ಬಗ್ಗೆ ಏನೂ ಗೊತ್ತಿರಲಿಲ್ಲ, ಏಟಿನ ಬಗ್ಗೆ ಗೊತ್ತಿತ್ತು. ಗಂಡ ಮೂವತ್ತು ವರ್ಷ ಹೊಡೆದ. ಸತ್ತ ಮೇಲೆ ನಿಂತಿತು.

ಹೋದ ವರ್ಷ ಉದಗೀರದ ಕಾಲೇಜಿಗೆ ನಾಟಕ ಕಲಿಸಲು ಚಿಲಿ ದೇಶದ ನಟಿಯೊಬ್ಬಳು ಬಂದಿದ್ದಳು. ನನ್ನದೇ ವಯಸ್ಸು. ಅಲ್ಲಿ ಕಲಿಯುವ ಮೊಮ್ಮಗಳು ಆಕೆಯನ್ನು ಉಮರ್ಗಾದ ನಮ್ಮ ಮನೆಗೆ ಊಟಕ್ಕೆ ಕರೆತಂದಳು. ನಟಿ ರೊಟ್ಟಿಯನ್ನು ಒಂದೇ ದವಡೆಯಲ್ಲಿ ಅಗಿಯುತ್ತಿದ್ದಳು. ಇನ್ನೊಂದರಲ್ಲಿ ಹಲ್ಲಿರಲಿಲ್ಲ.

"ಯಾರ್ ಉದುರಿಸ್ಯಾರ, ಕೇಳು," ಅಂದೆ.

ಮೊಮ್ಮಗಳು ಕೇಳಿ ಹೇಳಿದಳು. ದರ್ಜಿಯ ಮಗಳಂತೆ. ಹದಿನಾರಕ್ಕೆ ರಂಗ ಏರಿದಳು. ಮಿಲಿಟರಿ ಆಳ್ವಿಕೆ ಬಂದಾಗ, ಕಾಣೆಯಾದ ಮಗನನ್ನು ಹುಡುಕುವ ತಾಯಿಯ ಪಾತ್ರ ಮಾಡಿದ್ದಕ್ಕೆ ಸಿಪಾಯಿಗಳು ರಂಗದಿಂದಲೇ ಎಳೆದೊಯ್ದರು. ಬಂದೂಕಿನ ಹಿಡಿಯಿಂದ ದವಡೆ ಒಡೆದರು. ಬಿಟ್ಟ ಮೇಲೆ ದೇಶ ತೊರೆದಳು. ಪರದೇಶದಲ್ಲಿ ಹಗಲು ಪಾತ್ರೆ ತೊಳೆದಳು, ಸಂಜೆ ನಾಟಕ ಆಡಿದಳು. ಊರಿಗೆ ಮರಳಿದ ಮೇಲೆ ಮೊದಲು ಮಾಡಿದ್ದು ಅದೇ ತಾಯಿಯ ಪಾತ್ರ.

"ಮತ್ತ ಅದ? ಬುದ್ಧಿ ಬರಲಿಲ್ಲೇನ ಈಕಿಗಿ?"

ಮೊಮ್ಮಗಳು ಅದನ್ನೂ ತಿಳಿಸಿದಾಗ ನಟಿ ನಕ್ಕು ಎದ್ದು ಅವಳ ಕಪಾಳಕ್ಕೆ ಬೀಸಿದಳು. ಫಟ್ ಎಂದಿತು, ಹುಡುಗಿ ಉರುಳಿದಳು. ನಾನು ಸೌಟು ಹಿಡಿದು ಏಳುವಷ್ಟರಲ್ಲಿ ಹುಡುಗಿಯೇ ನಗುತ್ತ ಎದ್ದು ಕೂತಳು. "ತಾಗೇ ಇಲ್ಲಬೇ ಆಯಿ. ಸಪ್ಪಳ ನಾ ನನ್ನ ತೊಡಿ ಬಡಕೊಂಡಿದ್ದು." ಉದಗೀರದ ನಾಟಕದಲ್ಲಿ ಏಟು ತಿನ್ನುವ ಹೆಂಡತಿಯ ಪಾತ್ರ ಇವಳದೇ ಅಂತೆ.

ಅಡತಿ ಅಂಗಡಿಯಿಂದ ಬಂದ ನನ್ನ ಮಗ, ಹುಡುಗಿಯ ಅಪ್ಪ, ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ.

"ಮಂದಿ ಮುಂದ ಬಡಿಸ್ಕೊಂತಿ? ನಾಳಿಂದ ಕಾಲೇಜ ಬಂದ್."

"ನೀವ್ ಮನ್ಯಾಗ ಬಡೀತೀರಿ. ಅಲ್ಲಿ ಯಾರೂ ತಾಗಸಂಗಿಲ್ಲ."

ಈ ಸಲದ ಏಟು ತಾಗಿತು. ತುಟಿ ಒಡೆಯಿತು. ಎರಡನೆಯದಕ್ಕೆ ಕೊರಳಪಟ್ಟಿ ಹಿಡಿದು ಎಳೆದ. ಶಿವದಾರ ಹರಿದು ಲಿಂಗ ನೆಲಕ್ಕೆ ಬಿತ್ತು.

ಮಗನ ಕೈ ಗಾಳಿಯಲ್ಲೇ ನಿಂತಿತು. ಲಿಂಗಪೂಜೆ ಆಗದೆ ನೀರು ಮುಟ್ಟದವನು ಅವನು. ಮೈಯಿಂದ ಲಿಂಗ ಬಿದ್ದರೆ, ತಿರುಗಿ ಕಟ್ಟುವವರೆಗೆ ನಮ್ಮಲ್ಲಿ ಉಗುಳೂ ನುಂಗುವುದಿಲ್ಲ. ನಟಿ ನಡುವೆ ಬಂದು ಹಲ್ಲಿಲ್ಲದ ಕಡೆಯ ಕೆನ್ನೆಯನ್ನು ಅವನ ಮುಂದೆ ಹಿಡಿದಳು. ಅವನು ಅವಳನ್ನು ದಾಟಿ ಓಡಿಹೋಗಿ ಮಠದ ಅಯ್ಯನವರನ್ನು ಕರೆತಂದ.

ಮೊಮ್ಮಗಳು ಕೊರಳು ಕೊಡಲಿಲ್ಲ. ಬಟ್ಟಲಿಗೆ ರಕ್ತ ಉಗುಳಿ, "ಉದಗೀರಕ್ಕ ಕಳಸ್ತೀನಿ ಅನ್ರಿ. ಆಮ್ಯಾಲ ಕಟ್ಟಸ್ಕೊಂತೀನಿ," ಅಂದಳು.

ಬಿಸಿಲು ಹೊಸ್ತಿಲಿಂದ ಗೋಡೆಗೆ ಹೋಯಿತು. ಉಗುಳಿನ ಬಟ್ಟಲನ್ನು ನಾನು ಎರಡು ಸಲ ಚೆಲ್ಲಿ ಬಂದೆ. ಮಗ ಕೈಮುಗಿದ, ಬೈದ, ಅತ್ತ. ಅಯ್ಯನವರು ಗೋಡೆ ನೋಡುತ್ತ ಕೂತರು.

"ದಾರ ಹರದಾಂವ ನೀ," ಅಂದೆ ಮಗನಿಗೆ. "ಈಗ ಆಕಿಗಿ ಏನ್ ಬೇಡ್ಕೊಂತಿ? ಆಕಿ ಕೇಳಿದ ಮಾತ ನೀನ ಅನ್ನು."

ಕಳಿಸುತ್ತೇನೆ ಅಂದ.

ನಾಟಕದ ದಿನ ಅವನೂ ಬಂದ. ತುಟಿಯ ಗಾಯಕ್ಕೆ ಬಣ್ಣ ಬಳಿದುಕೊಂಡು ಮೊಮ್ಮಗಳು ನಿಂತಿದ್ದಳು. ಗಂಡನ ವೇಷದವನು ಕೈ ಎತ್ತಿದ. ಫಟ್ ಎಂದಿತು. ಪಕ್ಕದಲ್ಲಿ ಮಗ ಕಣ್ಣು ಮುಚ್ಚಿಕೊಂಡ.

"ತಗಿ ಕಣ್ಣ," ಅಂದೆ. "ಆ ಹುಡುಗಂದು ತಾಗಿಲ್ಲ."