ಲೈಬ್ರರಿ ಮೇಡಂ ಬೀಗ ಹಾಕಿಟ್ಟ ಅರ್ಜಿಗಳು

ಮೊನ್ನೆ ಲಗ್ಗೆರೆಯ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಯಂತ್ರದಿಂದ ಹೊರಬಂದ ಬಿಸಿ ಹಾಳೆಯ ವಾಸನೆಗೆ ನಮ್ಮ ಕಾಲೇಜಿನ ಲೈಬ್ರರಿ ಮೇಡಂ ನೆನಪಾದರು…

ನಾನು ಆ ಕಾಲೇಜಿನ ಕಚೇರಿಯಲ್ಲಿ ಅಟೆಂಡರ್ ಆಗಿದ್ದೆ. ಮಕ್ಕಳು ಯಾವ ಅರ್ಜಿ ತಂದರೂ ನಮ್ಮ ಕಿಟಕಿಯಲ್ಲಿ ಸಿಗುತ್ತಿದ್ದ ಉತ್ತರ ಒಂದೇ, ‘ನಾಳೆ ಬಾ’. ಹಾಗಾಗಿ ಅವರೆಲ್ಲ ಲೈಬ್ರರಿಗೆ ಹೋಗತೊಡಗಿದರು. ಹಾಸ್ಟೆಲ್ಲಿಗೆ ಏನು ಬೇಕು, ವಿದ್ಯಾರ್ಥಿವೇತನಕ್ಕೆ ಯಾರ ಸಹಿ ಮೊದಲು ಎಂದು ಮೇಡಂ ಕೂರಿಸಿಕೊಂಡು ಹೇಳುತ್ತಿದ್ದರು. ಪುಸ್ತಕ ಕೊಡುವವರಿಗೆ ಈ ಉಸಾಬರಿ ಯಾಕೆ? ಅವರು ಅರ್ಜಿಗಳ ನಕಲು ತೆಗೆದು ಬೀರುವಿನಲ್ಲಿ ಬೀಗ ಹಾಕಿಡುವುದನ್ನು ಕಂಡ ಮೇಲಂತೂ ನನ್ನ ಅನುಮಾನ ಬಲವಾಯಿತು. ಮಕ್ಕಳ ಆಧಾರ್ ನಂಬರುಗಳನ್ನು ಯಾರಿಗೋ ಮಾರುತ್ತಾರೆ ಎಂದುಕೊಂಡೆ. ಹೆಸರಿಲ್ಲದ ಪತ್ರ ಬರೆದು, ಟಪಾಲಿನ ನಡುವೆ ಸೇರಿಸಿ, ಪ್ರಿನ್ಸಿಪಾಲರಿಗೆ ನಾನೇ ಒಯ್ದುಕೊಟ್ಟೆ.

ಬೀರುವಿಗೆ ಸೀಲು ಬಿತ್ತು. ಮೇಡಂ ಇನ್ನು ಅರ್ಜಿ ಮುಟ್ಟಬಾರದೆಂದು ಆದೇಶವಾಯಿತು.

ಆ ವಾರವೇ ಯಾದಗಿರಿ ಕಡೆಯ ಹುಡುಗಿಯೊಬ್ಬಳು ನಮ್ಮ ಕಿಟಕಿಗೆ ಬಂದಳು. ಅಪ್ಪ ಅಮ್ಮ ಕಟ್ಟಡದ ಕೆಲಸ ಮುಗಿಸಿ ಊರಿಗೆ ಹೊರಟಿದ್ದರು. ಹಾಸ್ಟೆಲ್ ಸಿಕ್ಕರಷ್ಟೇ ಅವಳ ಓದು.

“ಅಣ್ಣಾರ, ನಾಡದ್ದ ಕಡೀ ದಿನ ಐತ್ರಿ. ಮೇಡಂ ಅರ್ಜಿ ನೋಡಂಗಿಲ್ಲ ಅಂತಾರ್ರಿ. ನೀವರ ಹೇಳ್ರಿ, ಏನೇನ್ ಹಚ್ಚಬೇಕು?”

“ನಂಗೇನಮ್ಮ ಗೊತ್ತು? ಕ್ಲರ್ಕು ರಜ. ನಾಳೆ ಬಾ.”

ಮರುದಿನವೂ ಬಂದಳು. ಆದಾಯ ಪ್ರಮಾಣಪತ್ರವಿಲ್ಲದ ಅರ್ಜಿ ಕೊನೆಗೆ ವಾಪಸಾಯಿತು. ಆಮೇಲೆ ಅವಳು ಕಾಲೇಜಿನಲ್ಲಿ ಕಾಣಲಿಲ್ಲ…

ತಿಂಗಳಾದ ಮೇಲೆ ಬೀರು ತೆರೆಸಿದರು. ಹಾಳೆಗಳನ್ನು ಎತ್ತಿಕೊಟ್ಟವನು ನಾನೇ. ಪ್ರತಿಯೊಂದರಲ್ಲೂ ಹೆಸರು, ನಂಬರುಗಳ ಮೇಲೆ ಬಿಳಿ ಚೀಟಿ ಅಂಟಿಸಿತ್ತು. ಅಂಚಿನಲ್ಲಿ ಮೇಡಂ ಕೈಬರಹ: ‘ಇಲ್ಲಿ ತಪ್ಪಿದ್ದಕ್ಕೆ ವಾಪಸ್ ಬಂತು’, ‘ಆದಾಯ ಪತ್ರಕ್ಕೆ ಮೊದಲೇ ಹಾಕಿ, ತಡವಾಗುತ್ತೆ’. ಮುಂದಿನ ಮಕ್ಕಳು ನೋಡಿಕೊಂಡು ತುಂಬಲೆಂದು ಇಟ್ಟ ಮಾದರಿಗಳು.

ಮೇಡಂಗೆ ಮತ್ತೆ ಅನುಮತಿ ಸಿಕ್ಕಿತು. ಆದರೆ ಅವರು ಮೊದಲಿನಂತಿರಲಿಲ್ಲ. ಯಾರು ಹತ್ತಿರ ಬಂದರೂ ಮಾತು ನಿಲ್ಲಿಸುತ್ತಿದ್ದರು. ಒಮ್ಮೆ ನನಗೆ ಟೀ ಬಗ್ಗಿಸಿಕೊಡುತ್ತ ಮೆಲ್ಲಗೆ ಅಂದರು, “ಆ ಕ್ಲರ್ಕೇ ಬರೆದಿರೋದು ಅಣ್ಣ. ನಂಗೊತ್ತು. ನಿಮ್ಮೊಬ್ರನ್ನ ಬಿಟ್ರೆ ಇಲ್ಲಿ ಯಾರನ್ನೂ ನಂಬಲ್ಲ ನಾನು.”

ನಾನು ಟೀ ಕುಡಿದೆ.

ಕ್ಲರ್ಕಿನ ಜೊತೆ ಅವರು ಕೊನೆಯವರೆಗೂ ಮಾತಾಡಲಿಲ್ಲ. ಮೇಡಂ ತೀರಿಕೊಂಡು ಈಗ ಎರಡು ವರ್ಷ. ಆ ಹುಡುಗಿಯನ್ನಾದರೂ ಹುಡುಕಿ ತಪ್ಪೊಪ್ಪಿಕೊಳ್ಳೋಣವೆಂದರೆ ಅವಳ ಹೆಸರು ನನಗೆ ಗೊತ್ತಿಲ್ಲ. ಎರಡು ದಿನ ಎದುರಿಗೇ ನಿಂತಿದ್ದಳು, ನಾನು ಕೇಳಿರಲಿಲ್ಲ.