ಶಟರ್ ಎಳೆಯುವ ತನಕ ಕಿಟ್ಟಣ್ಣನ ಯುದ್ಧ

ವೆಸ್ಟ್ ಮಾಂಬಲಂನಲ್ಲಿ ಅಪ್ಪ ಕಟ್ಟಿದ ಉಡುಪಿ ಹೋಟೆಲಿನ ದೋಸೆಕಲ್ಲಿನ ಮುಂದೆ ಅರ್ಧ ಆಯುಸ್ಸು ರಾಜ್ಯವಾಳಿದ ಕಿಟ್ಟಣ್ಣ, ಮಾನಸಿಕ ಆಸ್ಪತ್ರೆಯ ವಾರ್ಡು ಸೇರಿದ ಮೇಲೂ ಸಿಂಹಾಸನ ಬಿಟ್ಟಿರಲಿಲ್ಲ. ಮಂಚವೇ ಕಲ್ಲು, ಬಾಚಣಿಗೆಯೇ ಸಟ್ಟುಗ. "ಎರಡು ಮಸಾಲೆ, ಒಂದು ಸೆಟ್!" ಎಂದು ಹಾಸಿಗೆಯ ಮೇಲೆ ದೋಸೆ ಹೊಯ್ಯುತ್ತಿದ್ದರು. ಯಾರಿಗೂ ಉಪದ್ರವಿಲ್ಲ. ಪಕ್ಕದ ಮಂಚದವರು ಚಟ್ನಿ ಕೇಳುವುದೂ ಇತ್ತು.

ಆ ಮಂಗಳವಾರ ಮಾತ್ರ ಚೆಂಡೆಯಿಲ್ಲದೆ ಯಕ್ಷಗಾನದ ರಕ್ಕಸನ ಬಣ್ಣದ ವೇಷ ರಂಗಕ್ಕೆ ಬಂತು. ಕಿಟ್ಟಣ್ಣನ ಕೈಯ ಪೊಂಗಲ್ ತಟ್ಟೆ ಚಕ್ರಾಯುಧವಾಗಿ ಹಾರಿ ಗೋಡೆ ಗಡಿಯಾರವನ್ನು ಸಂಹರಿಸಿತು. ತಡೆಯಲು ಬಂದ ಅಟೆಂಡರ್ ರಾಮದಾಸನ ಮೂಗಿಗೆ ಬಿದ್ದ ಗುದ್ದಿಗೆ ನೆತ್ತರು ಚಿಮ್ಮಿತು. ಅವನೂ ವೀರನೇ, ಸೊಂಟ ಹಿಡಿದು ಎತ್ತಿದ. ಕಿಟ್ಟಣ್ಣ ಅವನ ಕಿವಿಗೆ ಬಾಯಿ ಹಾಕಿ ಕಚ್ಚಿದರು.

"ಐಯೋ, ಎನ್ ಕಾದು ಪೋಚೇ!"

ಕಿವಿ ಹೋಯಿತೆಂಬ ರಾಮದಾಸನ ತಮಿಳು ಆರ್ತನಾದ ರಾಯಪುರಂ ಬಂದರಿನವರೆಗೂ ಕೇಳಿಸಿರಬೇಕು. ಕಿವಿ ಹೋಗಿರಲಿಲ್ಲ, ಮಾನ ಹೋಗಿತ್ತು. ನಾಲ್ವರು ಕಿಟ್ಟಣ್ಣನ ಮೈಮೇಲೆ ಬಿದ್ದು ಕೈಯೆರಡನ್ನೂ ಮಂಚಕ್ಕೆ ಕಟ್ಟಿದರು. ಡಾಕ್ಟರ್ ಅಶ್ವಿತಾ ಹೊಟ್ಟೆ ಮುಟ್ಟಲು ಹೋಗಿ ಒದೆ ತಿಂದರು.

"ನೋವಿದೆಯಾ?"

"ನನಗೆಂಥ ನೋವು? ಗಿರಾಕಿ ಕೂತಿದ್ದಾರೆ, ನಡೀರಿ ಆಚೆ!"

"ತಲೆಯ ಕಾಯಿಲೆ ಏರಿದೆ. ನಿದ್ದೆ ಇಂಜೆಕ್ಷನ್ ಹಾಕಿ," ಎಂದರು ಡಾಕ್ಟರ್.

ಅಷ್ಟರಲ್ಲಿ ಕಿಟ್ಟಣ್ಣನ ಅಕ್ಕ ಅಕ್ಕು ನೋಡಲು ಬಂದರು. ತಮ್ಮನೋ ಬೆವರಿನಲ್ಲಿ ತೊಯ್ದು ಕಾಲು ಮಡಚಿಕೊಂಡು ನಡುಗುತ್ತಿದ್ದ. ಅವನ ಹುಬ್ಬಿನ ಮೇಲಿನ ಹಳೆಯ ಗಾಯದ ಕಲೆ ಕಂಡು ಅಕ್ಕುವಿಗೆ ಹಳೆಯದೆಲ್ಲ ನೆನಪಾಯಿತು. ಅಡುಗೆಯವನಿಗೇ ಹೊಟ್ಟೆನೋವೆಂದರೆ ಗಿರಾಕಿ ಎಲೆ ಬಿಟ್ಟೇಳುತ್ತಾನೆ. ಶಟರ್ ಎಳೆಯುವ ತನಕ ಆ ಮಾತು ಎತ್ತಕೂಡದು. ಇದು ಅಪ್ಪನ ಕಾನೂನು. ಹುಡುಗನಾಗಿದ್ದಾಗ ಅದನ್ನು ಮುರಿದ ಕಿಟ್ಟಣ್ಣನಿಗೆ ಅಪ್ಪನ ಸಟ್ಟುಗದಲ್ಲಿ ಬಿದ್ದ ಪೆಟ್ಟಿನ ಕಲೆ ಅದು.

ಅಕ್ಕು ಹೋಗಿ ವಾರ್ಡಿನ ಗ್ರಿಲ್ ಗೇಟನ್ನು ಧಡಾರನೆ ಎಳೆದರು.

"ಕಿಟ್ಟ, ಶಟರ್ ಎಳೆದಾಯ್ತು. ಈಗ ಹೇಳು ಮಾರಾಯ, ಎಂತ ಆಗ್ತಾ ಉಂಟು?"

"ಗಿರಾಕಿ ಎಲ್ಲ ಹೋದ್ರಾ ಅಕ್ಕ? ಅವ ಯಾರು?"

ಕಿವಿಗೆ ಹತ್ತಿ ಒತ್ತಿಕೊಂಡು ರಾಮದಾಸ ನಿಂತಿದ್ದ.

"ಅವ ನಮ್ಮ ಕ್ಲೀನರ್."

ಕಿಟ್ಟಣ್ಣನ ಮುಖ ಮಗುವಿನಂತೆ ಮುದುಡಿತು. "ಹೊಟ್ಟೆ ಅಕ್ಕ... ಬಲಗಡೆ... ಚೂರಿ ಹಾಕಿ ತಿರುಗಿಸಿದ ಹಾಗೆ..."

ಅಶ್ವಿತಾ ಸಿರಿಂಜು ಕೆಳಗಿಡಿಸಿ ಆಂಬುಲೆನ್ಸಿಗೆ ಕೂಗಿದರು. ಒಡೆಯುವುದರಲ್ಲಿದ್ದ ಅಪೆಂಡಿಕ್ಸನ್ನು ದೊಡ್ಡಾಸ್ಪತ್ರೆಯಲ್ಲಿ ಅಂದೇ ಕತ್ತರಿಸಿ ತೆಗೆದರು.

ಕಿಟ್ಟಣ್ಣ ವಾರ್ಡಿಗೆ ಮರಳಿ ಬಂದು ದೋಸೆ ಹೊಯ್ಯುತ್ತಿದ್ದಾರೆ. ರಾಮದಾಸ ಈಗ ದಿನವೂ ಗೇಟು ಎಳೆದು, ಒಂದು ಕಿವಿಯನ್ನು ಕೈಯಲ್ಲಿ ಭದ್ರವಾಗಿ ಮುಚ್ಚಿಕೊಂಡು, ವಾರ್ಡಿನ ಎಲ್ಲರ ಹೊಟ್ಟೆಯನ್ನೂ ವಿಚಾರಿಸುತ್ತಾನೆ.