ಸುಜಾತಾಬಾಯಿಯ ಕೀಲಿಮಣೆ

೨೦೨೨ರಲ್ಲಿ ನಾನು ಯಾದಗಿರಿಯ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಲ್ಯಾಬಿನ ಮೇಲ್ವಿಚಾರಕನಾಗಿದ್ದೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಮೂಲೆಗೆ ಬಿದ್ದ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿ ಮತ್ತೆ ಓಡಿಸುವುದು ನನ್ನ ಹುಚ್ಚು. ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ತಮಗೆ ಬೇಕಾದಂತೆ ತಿದ್ದಿಕೊಳ್ಳಲೂಬಹುದು. ಈ ಎರಡನೆಯ ಮಾತನ್ನು ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಬೋಧಿಸಿದ ನನಗೆ ಅದರ ಅರ್ಥವೇ ತಿಳಿದಿರಲಿಲ್ಲ ಎಂದು ತೋರಿಸಿಕೊಟ್ಟವರು ಒಬ್ಬ ಟೈಪಿಸ್ಟ್.

ಸುಜಾತಾಬಾಯಿ ಶಹಾಪುರದ ಹತ್ತಿರದ ಸಗರದವರು. ಶಹಾಪುರದಲ್ಲಿ ಕನ್ನಡ ಟೈಪ್‌ರೈಟರ್ ಕಲಿತು, ಯಾದಗಿರಿಯ ಕಚೇರಿಗಳ ಎದುರು ಒಂದು ತಗಡಿನ ಅಂಗಡಿಯಲ್ಲಿ ಕುಳಿತು ಇಪ್ಪತ್ತು ವರ್ಷಕ್ಕೂ ಮೇಲಾಗಿ ಅರ್ಜಿ ಬರೆದುಕೊಡುತ್ತಿದ್ದರು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗಲೂ ಕೀಲಿಗಳ ಹಳೆಯ ಕ್ರಮವನ್ನೇ ಉಳಿಸಿಕೊಂಡಿದ್ದ ಒಂದು ತಂತ್ರಾಂಶ ಅವರ ಕೈಹಿಡಿದಿತ್ತು. ಆದರೆ ಗಿರಾಕಿಗಳ ಪೆನ್‌ಡ್ರೈವ್‌ಗಳಿಂದ ವೈರಸ್ ಹತ್ತಿ ಆ ಕಂಪ್ಯೂಟರ್ ಪದೇ ಪದೇ ಮಲಗುತ್ತಿತ್ತು. ಹೊಸದನ್ನು ಕೊಳ್ಳುವ ಮಾತಿರಲಿಲ್ಲ. ಯಾರೋ ನನ್ನ ಹೆಸರು ಹೇಳಿದ್ದರಿಂದ ನನ್ನ ಬಳಿ ಬಂದರು.

ನಾನು ಎರಡು ದಿನ ಮನಸ್ಸಿಟ್ಟು ಕೆಲಸ ಮಾಡಿದೆ. ಹಗುರವಾದ ಲಿನಕ್ಸ್ ಹಾಕಿದೆ. ಮೆನುಗಳನ್ನು ಕನ್ನಡಕ್ಕೆ ತಿರುಗಿಸಿದೆ. ಅರ್ಜಿಯ ನಮೂನೆಗಳು ಪರದೆಯ ಮೇಲೇ ದೊಡ್ಡದಾಗಿ ಕಾಣುವಂತೆ ಜೋಡಿಸಿದೆ. ಒಂದೇ ಗುಂಡಿ ಒತ್ತಿದರೆ ಪ್ರಿಂಟ್ ಬರಬೇಕು, ಹಾಗೆ ಮಾಡಿದೆ. ಹಿನ್ನೆಲೆಗೆ ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬೆಟ್ಟದ ಚಿತ್ರ ಹಾಕಿದಾಗ ಅವರು ಕೈಮುಗಿದರು. ನನ್ನ ಎದೆ ಒಂದು ಗೇಣು ಉಬ್ಬಿತು.

"ಭಾಳ ಛೊಲೊ ಅದರಿ ಸರ್. ಆದ್ರ ನನ್ನ ಕೀಲಿ ಎಲ್ಲಿ ಹೋದ್ವು?" ಎಂದರು.

ಆ ಟೈಪ್‌ರೈಟರ್ ಕ್ರಮ ಲಿನಕ್ಸಿನಲ್ಲಿ ಸಿದ್ಧವಾಗಿ ಸಿಗಲಿಲ್ಲ. ಈಗ ಎಲ್ಲರೂ ಬಳಸುವ ಕ್ರಮವನ್ನೇ ಹಾಕಿದ್ದೆ. "ಹಳೇದನ್ನ ಬಿಡ್ರಿ ಬಾಯಾರ, ಹದಿನೈದು ದಿನದಾಗ ಕೈ ಕೂಡ್ತದ" ಎಂದೆ. ಅವರು ಎರಡು ಸಲ ಕೇಳಿದರು. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ ಎಂದು ಮನಸ್ಸಿನಲ್ಲೇ ನಕ್ಕೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಾಲ್ಕನೆಯ ದಿನ ಪ್ರಿಂಟರ್ ನೋಡಲು ಹೋದಾಗ ಕಡೇಚೂರು ಕಡೆಯ ಒಂದು ಕಾರ್ಖಾನೆಯ ಕೂಲಿಯಾಳು ಹಣಮಂತ ಬಲಗೈಗೆ ಟವಲ್ ಸುತ್ತಿಕೊಂಡು ಅಂಗಡಿಯಲ್ಲಿ ಕುಳಿತಿದ್ದ. ಕೆಲಸದಲ್ಲಿ ಕೈಗೆ ಪೆಟ್ಟಾಗಿದೆ, ಮಶೀನಿನ ಕೆಲಸ ಬಿಡಿಸಿ ಬೇರೆ ಕೆಲಸ ಕೊಡಿ ಎಂದು ಅರ್ಜಿ ಬರೆಸಲು ಬಂದಿದ್ದ. ಸುಜಾತಾಬಾಯಿ ತಲೆ ತಗ್ಗಿಸಿ ಒಂದೊಂದೇ ಕೀಲಿ ಹುಡುಕುತ್ತಿದ್ದರು. ಅವನು ಒಂದು ಮಾತು ಆಡುವುದು, ಇವರು "ತಡೀರಿ" ಅನ್ನುವುದು. ಮೂರು ಸಲ ಹೀಗಾದ ಮೇಲೆ ಅವನು ಸುಮ್ಮನಾದ. "ಬಲಗೈಗೆ ಗಾಯವಾಗಿದೆ" ಎಂಬ ಒಂದು ಸಾಲಿನ ಅರ್ಜಿ ಒಯ್ದ. ಅಭ್ಯಾಸ ಚೆನ್ನಾಗಿ ಸಾಗಿದೆ ಎಂದು ನಾನು ಸುಜಾತಾಬಾಯಿಯನ್ನು ಹೊಗಳಿದೆ ಬೇರೆ.

ಮುಂದಿನ ವಾರ ನಾನು ಅಲ್ಲಿದ್ದಾಗಲೇ ಹಣಮಂತ ಮತ್ತೆ ಬಂದ. ಗಾಯ ತಾನೇ, ಮಾಯುತ್ತದೆ ಎಂದು ಮೇಸ್ತ್ರಿ ಅವನನ್ನು ಅದೇ ಮಶೀನಿಗೆ ಹಚ್ಚಿದ್ದನಂತೆ. ಈ ಸಲ ಸುಜಾತಾಬಾಯಿ ಕೀಲಿ ಮುಟ್ಟಲಿಲ್ಲ. ಅವನನ್ನೇ ನೋಡುತ್ತಾ ಕುಳಿತರು.

"ಟವಲ್ ತೆಗಿಯಪ್ಪ" ಎಂದರು.

ಬಲಗೈಯಲ್ಲಿ ಎರಡು ಬೆರಳಿರಲಿಲ್ಲ. ಹೊಲಿಗೆ ಬಿಟ್ಟು ಕೀವು ತುಂಬಿತ್ತು.

"ಅಯ್ಯ ಶಿವನ! ಅವತ್ಯಾಕ ಹೇಳ್ಲಿಲ್ಲ?"

"ಹೆಂಗ ಹೇಳ್ಲಿರಿ ಬಾಯಾರ? ನೀವು ಮಾರಿ ಎತ್ತಿ ನೋಡ್ಲೇ ಇಲ್ಲ."

ಸುಜಾತಾಬಾಯಿ ಅಳಲಿಲ್ಲ, ನನ್ನತ್ತ ತಿರುಗಿದರು. "ಕೇಳಿದ್ರೇನ್ರಿ ಸರ್? ಮಂದಿ ನನ್ನ ಹಂತ್ಯಾಕ ಟೈಪ್ ಮಾಡ್ಸಾಕ ಬರಂಗಿಲ್ಲ. ಹೇಳ್ಕೊಳ್ಳಾಕ ಬರ್ತಾರ. ಮಾರಿ ನೋಡಿ ಕೇಳ್ತಿದ್ದೆ, ಕೈ ತಾನೇ ಬರೀತಿತ್ತು. ಈಗ ಕೀಲಿ ನೋಡಾಕತ್ತೀನಿ, ಮಂದಿ ಕಾಣವಲ್ಲರು."

ಅವರನ್ನು ಎಬ್ಬಿಸಿ ಕೀಲಿಮಣೆಯ ಮುಂದೆ ನಾನು ಕುಳಿತೆ. ಅವರು ಹಣಮಂತನ ಎದುರು ಕುಳಿತು ಕೇಳುತ್ತಾ ಹೋದರು. ಯಾವ ಮಶೀನು, ಯಾವ ಪಾಳಿ, ಯಾರು ನೋಡಿದರು, ಯಾವ ಆಸ್ಪತ್ರೆ. ಪುಟ ತುಂಬಿತು. ಹಣಮಂತ ಮೊದಲು ದವಾಖಾನೆಗೆ, ಆಮೇಲೆ ಕಾರ್ಮಿಕ ಅಧಿಕಾರಿಯ ಬಳಿಗೆ ಹೋದ.

ಮರುದಿನ ರಜೆ ಹಾಕಿ ಸುಜಾತಾಬಾಯಿಯ ಪಕ್ಕ ಸ್ಟೂಲ್ ಹಾಕಿಕೊಂಡು ಕುಳಿತೆ. ಬರಿಯ ಮೇಜಿನ ಮೇಲೆ ಬೆರಳು ಆಡಿಸಿ ಎಂದೆ. ಯಾವ ಅಕ್ಷರಕ್ಕೆ ಯಾವ ಬೆರಳು ಎಲ್ಲಿಗೆ ಹೋಗುತ್ತದೆ ಎಂದು ಒಂದೊಂದಾಗಿ ಬರೆದುಕೊಂಡೆ. ಲಿನಕ್ಸಿನಲ್ಲಿ ಯಾವ ಕೀಲಿಗೆ ಯಾವ ಅಕ್ಷರ ಎಂಬುದು ಒಂದು ಸಾದಾ ಫೈಲಿನಲ್ಲಿರುತ್ತದೆ. ಅಂಥದ್ದೊಂದನ್ನು ನಾವೇ ಬರೆಯಬಹುದು. ಕಷ್ಟವಾದದ್ದು ಅರ್ಕಾವೊತ್ತು. 'ಅರ್ಜಿ' ಎಂಬಲ್ಲಿ ಟೈಪ್‌ರೈಟರಿನವರು ಜಿ ಹೊಡೆದ ಮೇಲೆ ಅರ್ಕಾವೊತ್ತು ಹೊಡೆಯುತ್ತಾರೆ, ಕಂಪ್ಯೂಟರಿಗೆ ಅದು ಮೊದಲೇ ಬೇಕು. ಹಿಂದೆ ಹೊಡೆದದ್ದನ್ನು ಮುಂದಕ್ಕೆ ತಂದು ಕೂರಿಸುವ ಸೂತ್ರ ಬರೆಯಲು ಮೂರು ದಿನ ಹಿಡಿಯಿತು. 'ಅರ್ಜಿ'ಯೇ ಸರಿಯಾಗಿ ಬಾರದೆ ಅರ್ಜಿ ಬರೆಯುವವರು ಏನು ಮಾಡಬೇಕು?

ನಾಲ್ಕನೆಯ ದಿನ ಮಧ್ಯಾಹ್ನ ಕೀಲಿಮಣೆ ಸಿದ್ಧವಾಯಿತು. ಹಣಮಂತನ ಸುದ್ದಿಯೂ ಅದೇ ದಿನ ಬಂತು. ಅಧಿಕಾರಿ ವಿಚಾರಣೆ ನಡೆಸಿ ಅವನನ್ನು ಮಶೀನಿನಿಂದ ಬಿಡಿಸಿದ್ದರು, ಗಾಯ ಮಾದ ಮೇಲೆ ಗೇಟಿನಲ್ಲಿ ಕೆಲಸ ಎಂದು ಬರೆದುಕೊಟ್ಟಿದ್ದರು. ಆದರೆ ಆ ಒಂದು ವಾರದಲ್ಲಿ ಕೀವು ಒಳಕ್ಕಿಳಿದು ಮೂರನೆಯ ಬೆರಳೂ ಮರಗಟ್ಟಿತ್ತು, ಇನ್ನು ಮಡಚಲು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

"ಕೂಡ್ರಿ ಸರ್, ಕೀಲಿ ನೋಡೂಣು. ಏನರೆ ಮಾತಾಡ್ರಿ" ಎಂದರು ಸುಜಾತಾಬಾಯಿ. ಕೈ ಕೀಲಿಗಳ ಮೇಲೆ, ಕಣ್ಣು ನನ್ನ ಮುಖದ ಮೇಲೆ. ಮೂವತ್ತು ವರ್ಷ ಕಂಪ್ಯೂಟರ್ ಮುಂದೆ ಕೂತವನು ನಾನು, ಕಂಪ್ಯೂಟರ್ ಮುಂದೆ ಕೂತವರು ಹೀಗೆ ನನ್ನನ್ನು ನೋಡಿದ್ದು ಅದೇ ಮೊದಲು. ಹವೆಯ ಬಗ್ಗೆ ಏನೋ ಹೇಳಲು ಹೋದವನು ಬೇರೆಯದನ್ನೇ ಹೇಳಿದೆ. ಕೀಲಿ ಬೇಕೆಂದು ನೀವು ಎರಡು ಸಲ ಕೇಳಿದಿರಿ, ನನ್ನ ಜಂಭಕ್ಕೆ ಕೊಡಲಿಲ್ಲ, ಹಣಮಂತನ ಮೂರನೆಯ ಬೆರಳು ನನ್ನಿಂದ ಹೋಯಿತು, ಅವನಿಗೆ ಹೇಗೆ ಮುಖ ತೋರಿಸಲಿ ತಿಳಿಯದು ಎಂದೆ. ಅವರ ಕೈ ಒಮ್ಮೆಯೂ ನಿಲ್ಲಲಿಲ್ಲ.

ಪ್ರಿಂಟರ್ ಸದ್ದು ಮಾಡಿತು. ಹಾಳೆಯನ್ನು ನನ್ನ ಮುಂದಿಟ್ಟರು. ನಾನು ಆಡಿದ ಮಾತೆಲ್ಲ ಇತ್ತು, ಒಂದು ಒತ್ತೂ ತಪ್ಪಿರಲಿಲ್ಲ. ಮೇಲೆ "ಶ್ರೀ ಹಣಮಂತ ಇವರಿಗೆ" ಎಂದು ಸೇರಿಸಿದ್ದರು.

"ಸಹಿ ಮಾಡ್ರಿ ಸರ್. ಒಯ್ದು ನೀವೇ ಕೊಡ್ರಿ" ಎಂದರು.

ಸಹಿ ಮಾಡಿದೆ. ಒಯ್ದು ಕೊಟ್ಟೆ. ಅವನು ಓದಿಸಿಕೊಂಡ, ಎಡಗೈಯಿಂದ ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ, ಚಹಾ ಕುಡಿದು ಹೋಗ್ರಿ ಎಂದ. ಅಂದಿನಿಂದ ಯಾರದೇ ಕಂಪ್ಯೂಟರ್ ಮುಟ್ಟುವ ಮೊದಲು ಒಂದು ತಾಸು ಅವರ ಪಕ್ಕದಲ್ಲಿ ಸುಮ್ಮನೆ ಕುಳಿತು, ಅವರು ಕೆಲಸ ಮಾಡುವುದನ್ನು ನೋಡುತ್ತೇನೆ.